ಫೋಟೋದೊಳಗಿನ ಗಿರಣಿ

ಮುಕುಂದರಾಯರಿಗೆ ಎಲ್ಲವೂ ಗೊತ್ತಿತ್ತು ಎಂದರೆ ಸುಳ್ಳಾದೀತು. ಆದರೆ ಗೊತ್ತಿಲ್ಲ ಎಂದು ಅವರು ಬಾಯಿಬಿಟ್ಟು ಒಪ್ಪಿಕೊಂಡ ವಿಷಯ 2006ರ ಫೆಬ್ರವರಿಯವರೆಗೆ ಒಂದೂ ಇರಲಿಲ್ಲ. ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತಿಕೆ ಮಾಡಿದ್ದರು. ಎಂಥ ಕಾಗದ ಬಂದರೂ ಅದಕ್ಕೊಂದು ಉತ್ತರ ಬರೆದು ಕಳಿಸುವುದು ಕೈಗೆ ರೂಢಿಯಾಗಿತ್ತು. ಆ ರೂಢಿ ಬಾಯಿಗೂ ಹಬ್ಬಿತ್ತು. ಆಟೋ ನಿಂತುಬಿಟ್ಟರೆ ಆಟೋದವನಿಗೆ ಪ್ಲಗ್ ಒರೆಸಲು ಹೇಳುತ್ತಿದ್ದರು. ವೈದ್ಯರು ಗುಳಿಗೆ ಬರೆದುಕೊಟ್ಟರೆ "ಇದರ ಬದಲಿಗೆ ಇನ್ನೊಂದು ಬರ್ತದಲ್ರೀ" ಎನ್ನುತ್ತಿದ್ದರು. ಹೆಂಡತಿ ಕಸ್ತೂರಿಬಾಯಿ ಇದಕ್ಕೆಲ್ಲ ಒಗ್ಗಿಹೋಗಿದ್ದರು. ಗಂಡ ಮಾತಾಡುವಾಗ ಅವರು ಸೊಪ್ಪು ಸೋಸುತ್ತ ಕೂಡುತ್ತಿದ್ದರು. ಮಾತು ಮುಗಿಯುವ ಹೊತ್ತಿಗೆ ಎರಡು ಹೊತ್ತಿನ ಸೊಪ್ಪು ಸಿದ್ಧವಾಗಿರುತ್ತಿತ್ತು.

ಆ ಚಳಿಗಾಲದಲ್ಲಿ ರಾಯರು ಡಿಜಿಟಲ್ ಕ್ಯಾಮೆರಾ ಕೊಂಡರು. ಅದರ ಜೊತೆ ಬಂದ ಕೈಪಿಡಿಯಲ್ಲಿ ಇಂಗ್ಲಿಷ್ ಪುಟಗಳು ಹನ್ನೊಂದು, ಉಳಿದದ್ದೆಲ್ಲ ಚೀನಿಯರಿಗೂ ಜಪಾನಿಯರಿಗೂ ಮೀಸಲು. ಹನ್ನೊಂದರಲ್ಲಿ ನಾಲ್ಕು ಪುಟ ಓದಿದರು. ನಾಲ್ಕನೆಯ ಪುಟದಲ್ಲಿ ಐಎಸ್‌ಒ ಎಂಬುದೊಂದು ಸಿಕ್ಕಿತು. ಅದನ್ನು ನೂರರಿಂದ ಸಾವಿರದ ಆರುನೂರರವರೆಗೆ ಏರಿಸಬಹುದಿತ್ತು. ನೂರು ಅಂಕ ಬಿದ್ದವನಿಗಿಂತ ಸಾವಿರದ ಆರುನೂರು ಬಿದ್ದವನು ಹದಿನಾರು ಪಟ್ಟು ಜಾಣ ಎಂಬುದು ಯಾರಿಗೆ ಗೊತ್ತಿಲ್ಲ? ರಾಯರು ಅದನ್ನು ಸಾವಿರದ ಆರುನೂರಕ್ಕೆ ಏರಿಸಿ, ಅಲ್ಲೇ ಬಿಟ್ಟು, ಕೈಪಿಡಿ ಮುಚ್ಚಿಟ್ಟರು. ಐದನೆಯ ಪುಟದಲ್ಲಿ ಹಾಗೆ ಮಾಡಬಾರದೆಂದು ಬರೆದಿತ್ತು.

ಅದೇ ಸಮಯಕ್ಕೆ ಕಮಲಾಪುರದಿಂದ ಕರೆ ಬಂತು. ರಾಯರ ತಾಯಿಯ ಅಕ್ಕ ಭಾಗೀರಥಿಬಾಯಿಗೆ ಎಂಬತ್ತು ತುಂಬಿತ್ತು. ಊರಿನ ಕೆಂಪು ಬಾಳೆಹಣ್ಣಿನಲ್ಲಿ ಅವರ ತುಲಾಭಾರ ಮಾಡುವುದೆಂದು ಮಗ ಗೋಪಾಲರಾವ ಹರಕೆ ಹೊತ್ತಿದ್ದ. ಫೋಟೋಕ್ಕೆ ಸ್ಟುಡಿಯೋದವರನ್ನು ಕರೆಸುತ್ತೇನೆಂದು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು.

"ಸ್ಟುಡಿಯೋದವರ್ಯಾಕೋ ಗೋಪಾಲಾ? ನಾ ಸತ್ತೀನೇನು?" ಎಂದರು ರಾಯರು.

"ಹಂಗಲ್ಲೋ ಮುಕುಂದಾ. ಚಂದ್ರಾ ಮೌಶಿ ಬರ್ಲಿಕತ್ತಾಳ. ಫೋಟೋ ಛಲೋ ಬರಬೇಕು ನೋಡು."

ಇದು ಸಣ್ಣ ಮಾತಾಗಿರಲಿಲ್ಲ. ಚಂದ್ರಾಬಾಯಿ ಭಾಗೀರಥಿಬಾಯಿಯ ತಂಗಿ, ಮುಕುಂದರಾಯರಿಗೂ ಗೋಪಾಲರಾವನಿಗೂ ಚಿಕ್ಕಮ್ಮ, ಸೊಲ್ಲಾಪುರದಲ್ಲಿ ಇರುವವರು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಮದುವೆಯ ಗ್ರೂಪ್ ಫೋಟೋದಲ್ಲಿ ಅವರು ಅಕ್ಕನ ಮುಂದೆ ಬಂದು ನಿಂತಿದ್ದರು. ಫೋಟೋ ತೊಳೆದು ಬಂದಾಗ ಭಾಗೀರಥಿಬಾಯಿಯ ಒಂದು ಕಿವಿ ಮಾತ್ರ ಕಾಣುತ್ತಿತ್ತು. ಬೇಕಂತಲೇ ನಿಂತಳೆಂದು ಅಕ್ಕ, ಫೋಟೋದವನು ನಿಲ್ಲಿಸಿದನೆಂದು ತಂಗಿ. ಅಂದಿನಿಂದ ಮಾತು ಬಂದ್. ಈಗ ಎಪ್ಪತ್ತೈದರ ತಂಗಿ ಎಂಬತ್ತರ ಅಕ್ಕನನ್ನು ನೋಡಲು ತಾನಾಗಿ ಹೊರಟಿದ್ದರು.

"ನಾ ತಗದ ಫೋಟೋ ಹ್ಯಾಂಗ ಬರ್ತದ ನೋಡು," ಎಂದು ರಾಯರು ಫೋನ್ ಇಟ್ಟರು. ಆ ಮಾತು ಅಕ್ಷರಶಃ ನಿಜವಾಯಿತು.

ತುಲಾಭಾರ ನಡೆದದ್ದು ಕಮಲಾಪುರದ ಹಳೆಯ ಮನೆಯ ಪಡಸಾಲೆಯಲ್ಲಿ. ಕಲ್ಲಿನ ಗೋಡೆ, ಅಂಗೈಯಗಲದ ಕಿಟಕಿ, ಹಗಲು ಹನ್ನೊಂದಕ್ಕೂ ಮುಸ್ಸಂಜೆ. ಪಕ್ಕದಲ್ಲೇ ಜಗದೇವಪ್ಪನ ಹಿಟ್ಟಿನ ಗಿರಣಿ. ಕರೆಂಟು ಹತ್ತರಿಂದ ಒಂದರವರೆಗೆ ಮಾತ್ರ ಬರುವ ದಿನಗಳು ಅವು. ಹೆಂಗಸರು ಜೋಳದ ಡಬ್ಬಿ ಹೊತ್ತು ಸಾಲು ನಿಂತಿದ್ದರು, ಗಿರಣಿ ನಿಲ್ಲಿಸುವ ಹಾಗಿರಲಿಲ್ಲ. ಅದರ ಅಬ್ಬರಕ್ಕೆ ಪಡಸಾಲೆಯ ಹಿತ್ತಾಳೆ ತಂಬಿಗೆಗಳು ನಡುಗುತ್ತಿದ್ದವು. ಆಚಾರ್ಯರು ಮಂತ್ರವನ್ನು ಹೇಳುತ್ತಿರಲಿಲ್ಲ, ಕೂಗುತ್ತಿದ್ದರು.

ರಾಯರು ಫ್ಲಾಶ್ ಬಳಸಲಿಲ್ಲ. ಯಾಕೆಂದು ಕೇಳಿದ ಗೋಪಾಲರಾವನಿಗೆ "ಫ್ಲಾಶ್ ಹೊಡದ್ರ ಮಾರಿಗೆ ಸುಣ್ಣ ಬಳದಂಗ ಕಾಣ್ತದ. ನನ್ನ ಕಡೆ ಸಾವಿರದ ಆರುನೂರು ಅದ" ಎಂದರು. ಏನು ಸಾವಿರದ ಆರುನೂರು ಎಂದು ಗೋಪಾಲರಾವನಿಗೆ ತಿಳಿಯಲಿಲ್ಲ. ಆದರೆ ಅಷ್ಟು ಇರುವ ಮನುಷ್ಯನೊಡನೆ ವಾದ ಬೇಡವೆನಿಸಿತು.

ತಕ್ಕಡಿ ಸಮವಾಯಿತು. ಇಳಿದು ಬಂದ ಭಾಗೀರಥಿಬಾಯಿ ಮಣೆಯ ಮೇಲೆ ಕೂತರು. ಬೆಳಗಿನಿಂದ ಬಾಗಿಲ ಹತ್ತಿರವೇ ಗಂಟುಮೋರೆ ಹಾಕಿ ಕೂತಿದ್ದ ಚಂದ್ರಾಬಾಯಿ ಎದ್ದು ಬಂದರು, ರಾಶಿಯಿಂದ ಒಂದು ಹಣ್ಣು ಸುಲಿದರು, ಮಾತಿಲ್ಲದೆ ಅಕ್ಕನ ಬಾಯಿಗೆ ಹಿಡಿದರು. ಭಾಗೀರಥಿಬಾಯಿ ಒಂದು ಕ್ಷಣ ತಂಗಿಯನ್ನು ನೋಡಿದರು. ಆಮೇಲೆ ಕಚ್ಚಿದರು. ಅರ್ಧ ಹಣ್ಣು ಮುರಿದು ಸೀರೆಯ ಮೇಲೆ ಬಿತ್ತು. ಇಬ್ಬರೂ, ನಾಲ್ಕಾರು ಹಲ್ಲುಗಳ ಒಟ್ಟು ಆಸ್ತಿಯ ಆ ಇಬ್ಬರು ಮುದುಕಿಯರು, ಬಾಯಿ ತೆರೆದು ನಕ್ಕರು. ರಾಯರು ಗುಂಡಿ ಒತ್ತಿದರು. ಅದೊಂದೇ ಫೋಟೋ, ಮರುಕ್ಷಣ ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಳ್ಳತೊಡಗಿದರು.

ಕ್ಯಾಮೆರಾದ ಹೆಬ್ಬೆಟ್ಟಿನಗಲದ ಪರದೆಯಲ್ಲಿ ಎಲ್ಲರೂ ನೋಡಿದರು. ಭೇಷ್ ಅಂದರು. ಚಂದ್ರಾಬಾಯಿ "ಮುಂದಿನ ಸೋಮವಾರ ಸಂಜಿ ಗಾಡಿಗೆ ಹೊಂಟೀನಿ. ಇದೊಂದು ದೊಡ್ಡದು ಮಾಡಿಸಿ ಕೊಡೋ ಮುಕುಂದಾ, ಇದೊಂದು ಸಾಕು ನನಗ" ಎಂದರು. ರಾಯರ ಎದೆ ಎರಡು ಗುಂಡಿಯಷ್ಟು ಹಿಗ್ಗಿತು.

ಸೇಡಂ ರಸ್ತೆಯಲ್ಲಿ ಶಬ್ಬೀರನ ಫೋಟೋ ಸ್ಟುಡಿಯೋ. ಮೂವತ್ತು ವರ್ಷ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು, ಈಗ ಕಂಪ್ಯೂಟರಿನ ಮುಂದೆ ಕೂತವನು. ಮರುದಿನ ರಾಯರು ಕೊಟ್ಟ ಕ್ಯಾಮೆರಾದ ಮೆಮರಿ ಚಿಪ್ಪಿನಿಂದ ಆ ಫೋಟೋ ತೆಗೆದು ಪರದೆಯ ತುಂಬ ದೊಡ್ಡದು ಮಾಡಿದ. ರಾಯರು ಕುರ್ಚಿಯ ತುದಿಗೆ ಬಂದರು. ಇಬ್ಬರು ಮೌಶಿಯರ ಮುಖದ ಮೇಲೆಲ್ಲ ರವೆ ಚೆಲ್ಲಿದಂತೆ ಕೆಂಪು, ಹಸಿರು, ಬೂದಿ ಬಣ್ಣದ ಚುಕ್ಕೆಗಳು ಮುತ್ತಿದ್ದವು.

"ಅರೆರೇ! ರಾವ್ ಸಾಬ್, ಇದರಾಗ ಭಾಳ ನಾಯ್ಸ್ ಅದ," ಎಂದ ಶಬ್ಬೀರ್.

ನಾಯ್ಸ್ ಎಂದರೆ ಸಪ್ಪಳ ಎಂದು ರಾಯರಿಗೆ ಹೈಸ್ಕೂಲಿನಿಂದ ಗೊತ್ತಿತ್ತು. ಅವರು ತಡಮಾಡಲಿಲ್ಲ. "ಇರ್ದೇ ಏನ್ರೀ ಶಬ್ಬೀರ್ ಭಾಯಿ! ಬಾಜೂಕ ಗಿರಣಿ ಇತ್ತಲ್ಲ."

ಶಬ್ಬೀರನ ಒಂದು ಕಿವಿಗೆ ಫೋನ್ ಅಂಟಿತ್ತು; ಯಾರೋ ಮದುವೆಯವರು ಆಲ್ಬಮ್ ಕೇಳುತ್ತಿದ್ದರು. "ಹಾಂ, ಹಾಂ. ಇರ್ಲಿ ಬಿಡ್ರಿ. ನಾಯ್ಸ್ ತೆಗಿಯೋ ಸಾಫ್ಟ್‌ವೇರ್ ಬರ್ತಾವ. ನನ್ನ ಕಡೆ ಮೂರು ಅವ. ಒಂದೊಂದು ಒಂದೊಂದು ನಮೂನಿ ತೆಗೀತದ. ನೀವು ಕುಂತು ಆರಿಸ್ರಿ."

"ಕಿಟಕಿ ಮುಚ್ಚಿತ್ತಲ್ರೀ. ಆದ್ರೂ ಹ್ಯಾಂಗ ಒಳಗ ಬಂತು?"

"ಕಿಟಕಿ ಮುಚ್ಚಿದ್ರ ಇನ್ನೂ ಜಾಸ್ತಿ ಬರ್ತದ ಸಾಬ್. ತೆಗೀಬೇಕಿತ್ತು," ಎಂದ ಶಬ್ಬೀರ್ ಬೆಳಕಿನ ಮಾತಾಡುತ್ತ.

ರಾಯರು ಯೋಚಿಸಿದರು. ಒಂದು ಆತಂಕ ಹೊಳೆಯಿತು. "ಆಚಾರ್ಯರ ಮಂತ್ರನೂ ನಡದಿತ್ತು. ಗಿರಣಿದು ಹೋಗಬೇಕು, ಮಂತ್ರದ್ದು ಉಳೀಬೇಕು. ಅಂಥಾ ಸಾಫ್ಟ್‌ವೇರ್ ಅದನೋ?"

"ಬೇಕಾದ್ದು ಉಳೀತದ, ಬ್ಯಾಡಾದ್ದು ಹೋಗ್ತದ. ಫಿಕರ್ ಮಾಡಬ್ಯಾಡ್ರಿ," ಎಂದು ಶಬ್ಬೀರ್ ಒಂದು ಸಣ್ಣ ನಮೂನೆ ಪ್ರಿಂಟ್ ತೆಗೆದುಕೊಟ್ಟು, ಫೋನಿನವರ ಕಡೆ ತಿರುಗಿದ.

ಮನೆಗೆ ಬಂದು ರಾಯರು ಹೆಂಡತಿಗೆ ಸಂಗತಿ ತಿಳಿಸಿದರು. ಕಸ್ತೂರಿಬಾಯಿ ಸೊಪ್ಪು ಕೆಳಗಿಟ್ಟರು. "ಅಲ್ರೀ, ಫೋಟೋದಾಗ ಸಪ್ಪಳ ಹ್ಯಾಂಗ ಬರ್ತದ?"

"ಡಿಜಿಟಲ್ ಅಂದ್ರ ಹಂಗ. ಇಲ್ಲಿ ನೋಡು." ಕ್ಯಾಮೆರಾದ ಮುಂಭಾಗದಲ್ಲಿ ಸೂಜಿಮೊನೆಯಂಥ ತೂತಿತ್ತು, ಅದರ ಕೆಳಗೆ ಮೈಕ್ ಎಂದು ಬರೆದಿತ್ತು. ವಿಡಿಯೋ ತೆಗೆಯುವಾಗ ಬೇಕಾಗುವ ತೂತು ಅದು. ಆದರೆ ಸಾಕ್ಷಿ ಕಣ್ಣಮುಂದಿರುವಾಗ ಯಾರು ಸೋಲಬೇಕು?

ಕಸ್ತೂರಿಬಾಯಿ ತೂತನ್ನು ನೋಡಿ ಗಾಬರಿಯಾದರು. "ಹಂಗಾರ ಆವತ್ತು ನಿಮ್ಮ ಗೋಪಾಲನ ಹೆಂಡತಿ ಮಾಡಿದ ಸಾರಿನ ಬಗ್ಗೆ ನಾ ಅಂದದ್ದು?"

"ಅದೂ ಬಂದಿರಬೇಕು," ಎಂದರು ರಾಯರು ಗಂಭೀರವಾಗಿ.

ಇಷ್ಟಕ್ಕೇ ಬಿಟ್ಟಿದ್ದರೆ ಕಥೆಯಿರುತ್ತಿರಲಿಲ್ಲ. ಆದರೆ ಫೋಟೋ ಕೆಟ್ಟದ್ದು ತನ್ನಿಂದಲ್ಲ ಎಂಬುದಕ್ಕೆ ಒಂದು ದಾಖಲೆ ಇರಬೇಕೆಂದು ಗುಮಾಸ್ತನ ಮನಸ್ಸು ಬಯಸಿತು. ಮಂಗಳವಾರ ಕಚೇರಿಯ ಊಟದ ವೇಳೆಯಲ್ಲಿ ಕಮಲಾಪುರದ ಪಂಚಾಯಿತಿಗೆ ಅರ್ಜಿ ಬರೆದರು: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಗಿರಣಿಯ ಸಪ್ಪಳವು ಸದರಿ ಫೋಟೋದ ಒಳಕ್ಕೆ ಪ್ರವೇಶಿಸಿ, ಸದರಿ ವಯೋವೃದ್ಧೆಯರ ಮುಖಗಳ ಮೇಲೆ ಕುಳಿತಿರುತ್ತದೆ." ಜಗದೇವಪ್ಪನಿಗೆ ದಂಡ ಹಾಕಬೇಕೆಂದೇನೂ ಬರೆಯಲಿಲ್ಲ. ರಾಯರು ಕೆಟ್ಟವರಲ್ಲ. "ಸೂಕ್ತ ಕ್ರಮ ಜರುಗಿಸಬೇಕಾಗಿ ವಿನಂತಿ" ಎಂದಷ್ಟೇ ಬರೆದರು. ಆ ಸಾಲಿಲ್ಲದೆ ಅವರಿಗೆ ಕಾಗದ ಮುಗಿಸಲು ಬರುತ್ತಿರಲಿಲ್ಲ.

ಕಾಗದ ಬುಧವಾರ ಕಮಲಾಪುರ ಮುಟ್ಟಿತು. ಪಂಚಾಯಿತಿಯಲ್ಲಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಗುರುವಾರ ಶಾಲೆಯ ಹೆಡ್ಮಾಸ್ತರರು ಗಿರಣಿಗೆ ಹೇಳಿಕಳಿಸಿದರು: ಹತ್ತನೆಯ ತರಗತಿಯ ಗ್ರೂಪ್ ಫೋಟೋ ಇದೆ, ದಯವಿಟ್ಟು ಮಧ್ಯಾಹ್ನದವರೆಗೆ ಬೀಸಬೇಡಿ. ಆಮೇಲೆ ರೇಷನ್ ಕಾರ್ಡಿಗೆ ಪಾಸ್‌ಪೋರ್ಟ್ ಫೋಟೋ ತೆಗೆಸಲು ಹೊರಟ ಮುದುಕನೊಬ್ಬ ಗಿರಣಿಯ ಮುಂದೆ ಹಾಯುವಾಗ ಮುಖಕ್ಕೆ ಟವೆಲು ಮುಚ್ಚಿಕೊಂಡು ಹೋದ.

ಜಗದೇವಪ್ಪ ಮೆತ್ತನೆಯ ಮನುಷ್ಯ. ಸಿಟ್ಟು ಬರಲಿಲ್ಲ, ಮನಸ್ಸಿಗೆ ಪೆಟ್ಟಾಯಿತು. ಹೆಂಡತಿ ಸೂಗಮ್ಮನ ಮುಂದೆ ಹೇಳಿಕೊಂಡ: "ಇಪ್ಪತ್ತು ವರ್ಷ ಆತು ಬಾಯಾರ ಮನಿ ಜ್ವಾಳ ನಾನೇ ಬೀಸೀನಿ. ಅವ್ವನಂಥಾಕಿ ಮಾರಿ ಮ್ಯಾಲ ನಾ ಸಪ್ಪಳ ಕೂಡಸ್ತೀನೇನ?" ಹೇಳಿದವನೇ ಯಂತ್ರದ ಪಟ್ಟಿ ಕಳಚಿ, ಗಿರಣಿಗೆ ಕೀಲಿ ಹಾಕಿ, ಜಗಲಿಯ ಮೇಲೆ ಕೂತುಬಿಟ್ಟ.

ಊರಿನಲ್ಲಿ ಇನ್ನೊಂದು ಗಿರಣಿಯಿತ್ತು, ಹೆದ್ದಾರಿಯ ಆಚೆ. ಅಲ್ಲಿ ಮೆಣಸಿನಕಾಯಿ ಪುಡಿ ಮಾಡಿದ ಮೇಲೆ ಅದೇ ಕಲ್ಲಿನಲ್ಲಿ ಜೋಳ ಹಾಕುತ್ತಿದ್ದರು. ಶುಕ್ರವಾರ ಆ ಹಿಟ್ಟಿನ ರೊಟ್ಟಿ ತಿಂದವರೆಲ್ಲ ಸೀನುತ್ತಿದ್ದರು. ಠಾಣೆಯ ಹವಾಲ್ದಾರ ಲಾಲ್ ಅಹ್ಮದರ ಮನೆಯಲ್ಲೂ ಅದೇ ಪಾಡು. ಶನಿವಾರ ಹೆಂಡತಿ ಇಕ್ಬಾಲ್ ಬೇಗಂ ಗಂಡನ ಮುಂದೆ ಅನ್ನದ ತಟ್ಟೆ ತಳ್ಳಿ ಹೇಳಿದರು: "ಮೊದಲು ಗಿರಣಿ ಚಾಲೂ ಮಾಡಸ್ರಿ. ಆಮ್ಯಾಲ ರೊಟ್ಟಿ ಕೇಳ್ರಿ." ಸರ್ಕಾರಿ ಕಾಗದಗಳು ಓಡುವುದು ಇಂಥ ಕಾರಣಗಳಿಗೇ. ಲಾಲ್ ಅಹ್ಮದ್ ಪಂಚಾಯಿತಿಯಿಂದ ಅರ್ಜಿ ಇಸಿದುಕೊಂಡು ಕಲಬುರಗಿಗೆ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಫೋಟೋಸಮೇತ ಹಾಜರಾಗಲು ರಾಯರಿಗೆ ತಿಳಿಸಿದರು.

ರಾಯರು ಹೆಂಡತಿಯೊಂದಿಗೆ ಬಸ್ಸಿನಿಂದಿಳಿದು ಬರುವಾಗ ಗಿರಣಿಯ ಮುಂದೆ ಐವತ್ತು ಜನ ಸೇರಿದ್ದರು. ಮಣೆಯ ಮೇಲೆ ಭಾಗೀರಥಿಬಾಯಿ, ಅವರ ಪಕ್ಕದಲ್ಲಿ ಚಂದ್ರಾಬಾಯಿ. ಜಗದೇವಪ್ಪ ತಲೆ ತಗ್ಗಿಸಿ ನಿಂತಿದ್ದ. ಅರ್ಜಿ ಬರೆಯುವಾಗ ಜಗದೇವಪ್ಪನ ಮುಖ ರಾಯರ ಕಣ್ಣ ಮುಂದೆ ಬಂದಿರಲಿಲ್ಲ. ಅರ್ಜಿಯಲ್ಲಿ ಅವನು ಬರೀ "ಸದರಿ ಗಿರಣಿ" ಆಗಿದ್ದ.

ಲಾಲ್ ಅಹ್ಮದ್ ಫೋಟೋ ಇಸಿದುಕೊಂಡರು. ಮುಂದೆ ನೋಡಿದರು, ಹಿಂದೆ ನೋಡಿದರು. ಆಮೇಲೆ, ಕರ್ತವ್ಯದಲ್ಲಿ ಲೋಪವಾಗಬಾರದೆಂದು, ಅದನ್ನು ಕಿವಿಗೆ ಹಿಡಿದರು. ಐವತ್ತು ಜನ ಉಸಿರು ಬಿಗಿಹಿಡಿದರು.

"ಕೇಳಸವಲ್ದು," ಎಂದರು.

"ಕೇಳಸಂಗಿಲ್ಲ ಸಾಹೇಬ್ರ, ಕಾಣಸ್ತದ," ಎಂದರು ರಾಯರು. "ಮಾರಿ ಮ್ಯಾಲಿನ ಚುಕ್ಕಿ ನೋಡ್ರಿ. ಅದೇ ಸಪ್ಪಳ."

ಫೋಟೋ ಕೈಯಿಂದ ಕೈಗೆ ಹೋಗಿ ಸೂಗಮ್ಮನ ಕೈಗೆ ಬಂತು. ಆಕೆ ಕಣ್ಣು ಕಿರಿದು ಮಾಡಿ ನೋಡಿ, ಗಂಡನ ಕಡೆ ತಿರುಗಿದಳು. "ಇದು ಸಪ್ಪಳ ಅಲ್ರಿ. ಇದು ಹಿಟ್ಟ ಅದ."

ಜಗದೇವಪ್ಪ ನೋಡಿದ. ಅವನ ಮುಖ ಸಣ್ಣದಾಯಿತು. ಇಪ್ಪತ್ತು ವರ್ಷದಿಂದ ತನ್ನ ರೆಪ್ಪೆ, ಮೀಸೆ, ಅಂಗಿಯ ಮೇಲೆ ದಿನವೂ ಕಂಡದ್ದೇ ಅಲ್ಲಿತ್ತು. "ಖರೇ ಅದ. ಆವತ್ತು ಗಾಳಿ ಈ ಕಡೆ ಬೀಸ್ತಿತ್ತು. ತಪ್ಪ ಆತ್ರಿ ಬಾಯಾರ. ಹಿಟ್ಟ ನಮ್ದೇ," ಎಂದು ಭಾಗೀರಥಿಬಾಯಿಯ ಮುಂದೆ ಕೈಮುಗಿದ.

ಲಾಲ್ ಅಹ್ಮದ್ ಪೇಚಿಗೆ ಬಿದ್ದರು. "ಠೈರೋ, ಠೈರೋ. ಅರ್ಜಿಯಾಗ ಬರದಿದ್ದು ಸಪ್ಪಳ. ನೀ ಒಪ್ಪಾಕತ್ತಿದ್ದು ಹಿಟ್ಟ. ನಾ ಏನಂತ ಬರಕೋಬೇಕು?"

"ನೀವು ಏನೂ ಬರಕೋಬ್ಯಾಡ್ರಿ," ಎಂದು ಭಾಗೀರಥಿಬಾಯಿ ಎದ್ದರು. ಎಂಬತ್ತರ ಧ್ವನಿ, ಆದರೆ ಗಿರಣಿಯ ಪಕ್ಕದಲ್ಲಿ ಬಾಳಿದ ಧ್ವನಿ. "ಸಪ್ಪಳ ಇರ್ಲಿ, ಹಿಟ್ಟಿರ್ಲಿ. ನಾಳೆ ಚಂದ್ರಿ ಊರಿಗೆ ಹೊಂಟಾಳ, ಅಕಿ ಕೈಯಾಗ ಫೋಟೋ ಇರಬೇಕು. ಮುಕುಂದಾ, ಎಲ್ಲಿ ತೊಳೀಲಿಕ್ಕ ಕೊಟ್ಟೀ? ಅಲ್ಲಿಗೇ ನಡೀರಿ ಎಲ್ಲಾರೂ."

ಜಗದೇವಪ್ಪ ಒಂದು ಟಂಟಂ ಆಟೋ ಗೊತ್ತು ಮಾಡಿದ. ಇಬ್ಬರು ಮುದುಕಿಯರು, ರಾಯರು, ಕಸ್ತೂರಿಬಾಯಿ, ಪ್ರಾಯಶ್ಚಿತ್ತವೆಂದು ಒಂದು ಗೊನೆ ಕೆಂಪು ಬಾಳೆ ಹಿಡಿದ ಜಗದೇವಪ್ಪ, ತನಿಖೆ ಮುಗಿಯದ ಕಾರಣ ಲಾಲ್ ಅಹ್ಮದ್. ಟಂಟಂ ಕಲಬುರಗಿ ಮುಟ್ಟುವ ಹೊತ್ತಿಗೆ ಎಲ್ಲರ ಎಲುಬುಗಳೂ ಜಾಗ ಬದಲಿಸಿದ್ದವು.

ಅಂಗಡಿಗೆ ಒಮ್ಮೆಲೇ ನುಗ್ಗಿದ ಈ ದಂಡನ್ನು, ಅದರಲ್ಲೂ ಖಾಕಿಯನ್ನು ಕಂಡು ಶಬ್ಬೀರ್ ಎದ್ದು ನಿಂತ. ಜಗದೇವಪ್ಪ ಗೊನೆಯನ್ನು ಕಂಪ್ಯೂಟರಿನ ಪಕ್ಕ ಇಟ್ಟು ಕೈಮುಗಿದ. "ಸಾಬ್ರ, ಇದರಾಗ ನಮ್ಮ ಹಿಟ್ಟ ಎಷ್ಟ ಅದ ನೋಡಿ, ಎಲ್ಲಾ ತಗದುಬಿಡ್ರಿ."

"ಹಿಟ್ಟು?" ಎಂದ ಶಬ್ಬೀರ್.

"ಗಿರಣಿ ಸಪ್ಪಳ," ಎಂದು ರಾಯರು ತಿದ್ದಿದರು. "ನೀವೇ ಹೇಳಿದ್ರಲ್ಲ, ನಾಯ್ಸ್ ಅಂತ."

ಶಬ್ಬೀರ್ ಒಂದು ನಿಮಿಷ ಎಲ್ಲರ ಮುಖ ನೋಡಿದ. ಆಮೇಲೆ ಕುರ್ಚಿಯಲ್ಲಿ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗು ನಿಂತ ಮೇಲೆ ಹೇಳಿದ: "ರಾವ್ ಸಾಬ್, ಇದು ಕಿವಿ ನಾಯ್ಸ್ ಅಲ್ಲ, ಕಣ್ಣಿನ ನಾಯ್ಸ್. ಕತ್ತಲ್ಯಾಗ ಕ್ಯಾಮೆರಾಗ ಕಾಣಂಗಿಲ್ಲ. ನೀವು ಐಎಸ್‌ಒ, ಅಂದ್ರ ಬೆಳಕು ಹಿಡಿಯೋ ಶಕ್ತಿ, ಪೂರಾ ಏರಿಸೀರಿ. ಅದು ಕಾಣದಿದ್ದಲ್ಲಿ ತನ್ನ ಮನಸ್ಸಿಗೆ ಬಂದ ಚುಕ್ಕಿ ತುಂಬಸ್ತದ. ಇದಕ್ಕ ಎಲ್ಲಾರೂ ನಾಯ್ಸ್ ಅಂತಾರ."

ರಾಯರು ಅಷ್ಟು ಸುಲಭಕ್ಕೆ ಬಿಡುವವರಲ್ಲ. "ಪುರಾವೆ ಏನದ?"

ಶಬ್ಬೀರ್ ಅದೇ ಚಿಪ್ಪಿನ ಇನ್ನೊಂದು ಫೋಟೋ ತೆರೆದ. ಕ್ಯಾಮೆರಾ ಬಂದ ಮೊದಲ ದಿನ ಪರೀಕ್ಷೆಗೆಂದು ರಾಯರು ತೆಗೆದದ್ದು: ಮಧ್ಯಾಹ್ನ, ಪರದೆ ಎಳೆದ ಕೋಣೆ, ನಿದ್ದೆ ಹೋದ ಕಸ್ತೂರಿಬಾಯಿ. ಅಲ್ಲಿ ಚುಕ್ಕೆಗಳು ಇಮ್ಮಡಿ. "ಇಲ್ಲಿ ಯಾವ ಗಿರಣಿ ಇತ್ರಿ ಸಾಬ್?"

"ನಾ ಮಲಗಿದಾಗ ಫೋಟೋ ತಗದೀರೇನ್ರೀ?" ಎಂದು ಕಸ್ತೂರಿಬಾಯಿ ಹೌಹಾರಿದರು.

ಲಾಲ್ ಅಹ್ಮದ್ ಪರದೆಯ ಹತ್ತಿರ ಬಗ್ಗಿ, ಅನುಭವದ ಧ್ವನಿಯಲ್ಲಿ ಹೇಳಿದರು: "ಗೊರಕಿ ಇರಬಹುದು."

ಶಬ್ಬೀರ್ ಮೂರನೆಯದು ತೆರೆದ. ಬಾಗಿಲು ಹಾಕಿದ ದೇವರ ಕೋಣೆ. ಅಲ್ಲಿ ಯಾರೂ ಇರಲಿಲ್ಲ, ದೇವರ ಹೊರತು. ಚುಕ್ಕೆಗಳು ಇದ್ದೇ ಇದ್ದವು. ಬಗ್ಗಿದ್ದ ಲಾಲ್ ಅಹ್ಮದ್ ನೆಟ್ಟಗಾದರು.

ಅಂಗಡಿಯಲ್ಲಿ ಎಲ್ಲರೂ ರಾಯರ ಕಡೆ ನೋಡಿದರು. ರಾಯರ ಬಾಯಿ ತೆರೆಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅದರಿಂದ ಉತ್ತರ ಬರಲಿಲ್ಲ. ಕಿವಿ ಕೆಂಪಗಾದವು. ಅವರನ್ನು ಆ ಸ್ಥಿತಿಯಲ್ಲಿ ನೋಡಲಾಗದೆ ಜಗದೇವಪ್ಪನೇ ಮುಂದೆ ಬಂದ. "ಹೋಗ್ಲಿ ಬಿಡ್ರಿ ರಾಯರ. ನಮ್ಮ ಗಿರಣಿ ಸಪ್ಪಳನೂ ಏನ್ ಕಡಿಮಿ ಅದ? ಯಾರಿಗರೆ ಹಂಗ ಅನಸ್ತದ."

ಬೈದಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು. ಈ ಮಾತು ತಡೆಯಲಾಗಲಿಲ್ಲ. ಮೂರು ದಿನ ಗಿರಣಿ ಮುಚ್ಚಿ ಕೂತ ಮನುಷ್ಯ ತಮ್ಮ ಮಾನ ಕಾಯುತ್ತಿದ್ದಾನೆ. ಅವರು ಶಬ್ಬೀರನಿಂದ ಒಂದು ಹಾಳೆ ಇಸಿದುಕೊಂಡು, ನಿಂತಲ್ಲೇ ಬರೆದು, ಲಾಲ್ ಅಹ್ಮದರ ಕೈಗೆ ಕೊಟ್ಟರು. ಲಾಲ್ ಅಹ್ಮದ್ ಗಟ್ಟಿಯಾಗಿ ಓದಿದರು: "ಸದರಿ ಗಿರಣಿಯದು ಯಾವ ತಪ್ಪೂ ಇರುವುದಿಲ್ಲ. ಸಪ್ಪಳವೂ ಅಲ್ಲ, ಹಿಟ್ಟೂ ಅಲ್ಲ. ಕ್ಯಾಮೆರಾ ಬಳಸುವುದು ಅರ್ಜಿದಾರನಿಗೆ ಗೊತ್ತಿರಲಿಲ್ಲ. ಜಗದೇವಪ್ಪನವರು ಕ್ಷಮಿಸಬೇಕು." ಕೊನೆಗೆ ಸೂಕ್ತ ಕ್ರಮದ ಸಾಲು ಇರಲಿಲ್ಲ. ಕಸ್ತೂರಿಬಾಯಿ ಹಾಳೆ ಇಸಿದುಕೊಂಡು ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. "ಇದರದೊಂದು ಕಾಪಿ ನನಗ ಬೇಕಾಗಿತ್ತು," ಎಂದರು.

ಲಾಲ್ ಅಹ್ಮದ್ ಠಾಣೆಗಲ್ಲ, ಮನೆಗೆ ಫೋನ್ ಮಾಡಿದರು. ನಾಳೆಯಿಂದ ಗಿರಣಿ ಚಾಲೂ.

ಉಳಿದದ್ದು ಫೋಟೋ. "ಹಂಗಾರ ಈ ಚುಕ್ಕಿ ಹೋಗ್ತಾವನೋ ಇಲ್ಲೋ?" ಎಂದರು ಚಂದ್ರಾಬಾಯಿ, ಪರದೆಯ ಮುಂದೆ ಸ್ಟೂಲು ಎಳೆದುಕೊಂಡು. ಭಾಗೀರಥಿಬಾಯಿ ಇನ್ನೊಂದು ಸ್ಟೂಲು ಎಳೆದರು.

ಶಬ್ಬೀರ್ ಮೊದಲ ಸಾಫ್ಟ್‌ವೇರ್ ಹಚ್ಚಿದ. ಚುಕ್ಕೆಗಳೇನೋ ಹೋದವು, ಆದರೆ ಪುಕ್ಕಟೆ ನಮೂನೆಯಾದ್ದರಿಂದ ಅದನ್ನು ಮಾಡಿದ ಕಂಪನಿಯ ಹೆಸರು ಇಬ್ಬರ ಹಣೆಯ ಮೇಲೂ ಅಡ್ಡಡ್ಡ ಮೂಡಿತು. "ನಾ ಏನು ಲಾರಿಯೇನು, ಹಣಿಮ್ಯಾಲ ಹೆಸರು ಬರಸ್ಕೊಳ್ಲಿಕ್ಕ?" ಎಂದರು ಭಾಗೀರಥಿಬಾಯಿ. ಅದು ಹೋಯಿತು.

ಎರಡನೆಯದು ಜೋರಿನದು. ಶಬ್ಬೀರ್ ಗುಂಡಿ ಒತ್ತಿದ. ಪರದೆಯ ಮೇಲೆ ಇಸ್ತ್ರಿ ಆಡಿಸಿದಂತಾಯಿತು. ಚುಕ್ಕೆಗಳ ಜೊತೆ ಸುಕ್ಕುಗಳೂ ಹೋದವು, ಹುಬ್ಬಿನ ನಡುವಿನ ಗೆರೆ ಹೋಯಿತು, ಭಾಗೀರಥಿಬಾಯಿಯ ಗದ್ದದ ಮಚ್ಚೆ ಹೋಯಿತು. ಕೈಯೂ ಬಾಳೆಹಣ್ಣೂ ಕರಗಿ ಒಂದಾದವು. ಮೇಣದ ಗೊಂಬೆಗಳೆರಡು ಬಾಯಿ ತೆರೆದು ಕೂತಿದ್ದವು.

"ಅಯ್ಯ, ಎಷ್ಟು ಛಂದ!" ಎಂದರು ಚಂದ್ರಾಬಾಯಿ, ಸೆರಗು ಸರಿಪಡಿಸಿಕೊಳ್ಳುತ್ತ. "ಇದೇ ಇರ್ಲಿ. ಸೊಲ್ಲಾಪುರದಾಗ ತೋರಸ್ಬೇಕು."

"ಇದೇನು ಛಂದ? ಇಕಿ ಯಾರು?" ಎಂದರು ಭಾಗೀರಥಿಬಾಯಿ ತಮ್ಮ ಮುಖಕ್ಕೇ ಬೆರಳು ತೋರಿಸಿ. "ಎಂಬತ್ತು ವರ್ಷ ಬಾಳೀನಿ, ಅದೆಲ್ಲಾ ಒರಸಿಬಿಟ್ಟಾನ. ನನ್ನ ಮಾರಿ ನನಗ ಬೇಕು."

"ನಿನಗ ಬೇಕಾದ್ರ ನಿಂದು ಇಟ್ಕೋ ಅಕ್ಕಾ. ನನಗ ಹಿಂಗೇ ಇರ್ಲಿ."

"ಒಂದೇ ಫೋಟೋದಾಗ ಹ್ಯಾಂಗ ಆಗ್ತದ? ನಿನ್ನ ಸಲುವಾಗಿ ನಾ ಮತ್ತ ಕಾಣದಂಗ ಆಗಬೇಕೇನು?"

ಮಾತು ಹಳೆಯ ಹುಣ್ಣಿನ ಮೇಲೆ ಹೋಗಿ ನಿಂತಿತು. ಚಂದ್ರಾಬಾಯಿಯ ಮುಖ ಬಿಗಿಯಿತು. ಒಂದು ವಾರದಲ್ಲಿ ಕಟ್ಟಿದ್ದು ಒಂದು ಸಾಫ್ಟ್‌ವೇರಿಗೆ ಮುರಿಯುವ ಹಾಗಾಯಿತು. ಇಬ್ಬರೂ ಒಟ್ಟಿಗೇ ತಿರುಗಿದರು: "ಮುಕುಂದಾ, ನೀ ಹೇಳು!"

ಬೇರೆ ದಿನವಾಗಿದ್ದರೆ ರಾಯರು ಮೂರು ಕಾರಣ ಕೊಟ್ಟು ತೀರ್ಪು ಹೇಳುತ್ತಿದ್ದರು. "ನನಗ ತಿಳಿಯಂಗಿಲ್ಲ ಮೌಶಿ," ಎಂದರು. "ಶಬ್ಬೀರ್ ಭಾಯಿ, ನಿಮಗ ತಿಳೀತದ. ಇಬ್ಬರಿಗೂ ಬೇಕಾದಂಗ ಮಾಡ್ಲಿಕ್ಕೆ ಆಗ್ತದೇನು?"

"ಆಗ್ತದಲ್ರೀ," ಎಂದ ಶಬ್ಬೀರ್. ಮೂರನೆಯ ಸಾಫ್ಟ್‌ವೇರ್ ತೆರೆದ. ಅದರಲ್ಲಿ ಬೇಕಾದಷ್ಟು ಏರಿಸುವ, ಇಳಿಸುವ ಒಂದು ಗೀಟು ಇತ್ತು. ಫೋಟೋದ ಬೇಕಾದ ಭಾಗಕ್ಕೆ ಬೇಕಾದಷ್ಟೇ ಹಚ್ಚಬಹುದಿತ್ತು. ಭಾಗೀರಥಿಬಾಯಿಯ ಅರ್ಧಕ್ಕೆ ಸ್ವಲ್ಪವೇ ಹಚ್ಚಿದ. ಚುಕ್ಕೆ ತೆಳುವಾದವು, ಸುಕ್ಕು, ಮಚ್ಚೆ, ಮೂಗುಬೊಟ್ಟಿನ ಹೊಳಪು ಎಲ್ಲ ಉಳಿದವು. ಚಂದ್ರಾಬಾಯಿಯ ಅರ್ಧಕ್ಕೆ ಗೀಟನ್ನು ಕೊನೆಯವರೆಗೆ ಎಳೆದ. ಬಾಳೆಹಣ್ಣು ಹಿಡಿದ ಕೈ ನಡುವಿನ ಗಡಿಯಲ್ಲಿತ್ತು. ಮೊಣಕೈಯವರೆಗೆ ಮುದುಕಿಯದು, ಅಲ್ಲಿಂದ ಮೇಲೆ ಹುಡುಗಿಯದು.

ಭಾಗೀರಥಿಬಾಯಿ ತಮ್ಮನ್ನು ನೋಡಿ "ಹಾಂ, ಇಕಿ ನಾನು" ಎಂದು ಸಮಾಧಾನಪಟ್ಟರು. ಚಂದ್ರಾಬಾಯಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಪರದೆಯಲ್ಲಿ ಒಬ್ಬ ಅಜ್ಜಿಗೆ ಯಾರೋ ಪಕ್ಕದ ಮನೆಯ ಹೆಣ್ಣುಮಗಳು ಹಣ್ಣು ತಿನ್ನಿಸುತ್ತಿದ್ದಳು. ಅಜ್ಜಿ ನಗುತ್ತಿದ್ದಳು, ಹುಡುಗಿಯೂ ನಗುತ್ತಿದ್ದಳು, ಆದರೆ ಇಬ್ಬರ ನಡುವೆ ಏನೂ ಇರಲಿಲ್ಲ.

"ಅಕ್ಕಾ," ಎಂದರು ಚಂದ್ರಾಬಾಯಿ ಸಣ್ಣ ದನಿಯಲ್ಲಿ. "ನಾ ನಿನ್ನ ತಂಗಿ ಕಂಡಂಗ ಕಾಣವಲ್ಲೆ."

ಚಂದ್ರಾಬಾಯಿ ಶಬ್ಬೀರನ ಕಡೆ ತಿರುಗಿದರು. "ಸಾಬ್ರ, ನಂದು ಹೊಳ್ಳಿ ಹಾಕ್ರಿ."

"ಏನು ಹೊಳ್ಳಿ ಹಾಕ್ಲಿ, ಅಮ್ಮಾ?"

"ನಿರಿಗಿ. ನನ್ನ ಮಾರಿ ಮ್ಯಾಲಿನ ನಿರಿಗಿ."

ಮೂವತ್ತು ವರ್ಷದ ಧಂದೆಯಲ್ಲಿ ಶಬ್ಬೀರನಿಗೆ ಸುಕ್ಕು ತೆಗೆಯಿರಿ ಎಂದವರು ಸಾವಿರ ಜನ; ಹಾಕಿ ಎಂದವರು ಇವರೊಬ್ಬರೇ. ಅವನು ಗೀಟನ್ನು ನಿಧಾನಕ್ಕೆ ಹಿಂದಕ್ಕೆ ಎಳೆದ. ಕಣ್ಣಿನ ಮೂಲೆಯಲ್ಲಿ ಗೆರೆಗಳು ಒಂದೊಂದಾಗಿ ಹುಟ್ಟಿಬಂದವು. ಕೆನ್ನೆ ಇಳಿಯಿತು. ಇಬ್ಬರು ಮುದುಕಿಯರೂ ಮೂಗು ತಾಗುವಷ್ಟು ಪರದೆಗೆ ಬಗ್ಗಿದರು.

"ಇನ್ನಷ್ಟು," ಎಂದರು ಚಂದ್ರಾಬಾಯಿ. "ಬಾಯಿ ಹತ್ರಾಂದು ಬಿಟ್ಟೀರಿ ನೋಡ್ರಿ, ಅದೂ ನಂದೇ."

"ಕಣ್ಣ ಕೆಳಗಿಂದು," ಎಂದರು ಭಾಗೀರಥಿಬಾಯಿ, ಬೆರಳಿನಿಂದ ಗಾಜನ್ನು ಮುಟ್ಟಿ. "ಅದು ಅವ್ವನಿಗೂ ಇತ್ತು."

ಗೀಟು ಇನ್ನೊಂದು ಕೂದಲಷ್ಟು ಸರಿಯಿತು. ಚಂದ್ರಾಬಾಯಿ ಅಕ್ಕನ ಕೈ ಹಿಡಿದರು.

"ಸಾಕು ನಿಲ್ಲಸ್ರಿ," ಎಂದರು. "ಈಗ ಅಕ್ಕ-ತಂಗಿ ಕಂಡ್ವಿ."

ಶಬ್ಬೀರ್ ಮೌಸಿನ ಮೇಲಿಂದ ಕೈ ತೆಗೆದ.